ಜನಪದ ಕಲಾವಿದರು ಮತ್ತು ಧನಸಹಾಯದ ಅರ್ಜಿ

ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಚಾಂದವಡ್, ಹೋಳ್ಕರ್ ಮನೆತನದ ರಂಗಮಹಲಿಗೂ ರೇಣುಕಾದೇವಿಯ ಗುಡಿಗೂ ಹೆಸರಾದ ಊರು. ರೇಣುಕೆಯ ಭಕ್ತಿಗೆ ಭಾಷೆಯ ಗಡಿಯಿಲ್ಲ. ಮರಾಠಿ ನಾಡಿನಲ್ಲಿ ಆಕೆಯ ಹೆಸರಿನಲ್ಲಿ ಗೊಂದಲ ಹಾಕಿದರೆ, ಸವದತ್ತಿಯಲ್ಲಿ ಆಕೆ ಎಲ್ಲಮ್ಮನಾಗಿ ಚೌಡಿಕೆಯ ಪದಗಳಲ್ಲಿ ನೆಲೆಸಿದ್ದಾಳೆ. ಉತ್ತರ ಕರ್ನಾಟಕದಲ್ಲಿಯೂ ಗೊಂದಲಿಗರು ಸಂಬಾಳ ನುಡಿಸುತ್ತ ಇರುಳೆಲ್ಲ ಕಥೆ ಹೇಳುತ್ತಾರೆ.

ಈ ಕಲಾವಿದರಿಗೆ ಹಿಂದೆ ಮದುವೆ, ಹಬ್ಬ, ಹರಕೆಗಳ ಮನೆಗಳೇ ಆಶ್ರಯವಾಗಿದ್ದವು. ಕಾಳುಕಡಿ, ದಕ್ಷಿಣೆಗಳಿಗೆ ಅರ್ಜಿ ಬೇಕಿರಲಿಲ್ಲ. ಆ ಆಶ್ರಯ ಸೊರಗಿದೆ. ಸರ್ಕಾರದ ನೆರವಿಗೆ ಬರಹವೇ ಬಾಗಿಲಾಗಿದೆ. ನೂರಾರು ಪದಗಳನ್ನು ಕಂಠದಲ್ಲಿ ಉಳಿಸಿಕೊಂಡ ಹಿರಿಯರು ನಮೂನೆ ತುಂಬಲಾರದೆ ಹಿಂದುಳಿದರೆ, ಅವರೊಡನೆ ಆ ಪದಗಳೂ ಮರೆಯಾಗುತ್ತವೆ.

ಕೇಂದ್ರ ಸಂಸ್ಕೃತಿ ಸಚಿವಾಲಯವು ಗುರು-ಶಿಷ್ಯ ಪರಂಪರೆಯ ತರಬೇತಿಗೆ, 18ರಿಂದ 25 ವರ್ಷದ ಯುವ ಕಲಾವಿದರ ವಿದ್ಯಾರ್ಥಿವೇತನಕ್ಕೆ ಹಾಗೂ 60 ವರ್ಷ ದಾಟಿದ ಅಲ್ಪ ಆದಾಯದ ಕಲಾವಿದರ ಮಾಸಿಕ ನೆರವಿಗೆ ಯೋಜನೆಗಳನ್ನು ರೂಪಿಸಿದೆ. ನಾಗಪುರದ ದಕ್ಷಿಣ ಮಧ್ಯ ವಲಯ ಸಾಂಸ್ಕೃತಿಕ ಕೇಂದ್ರದ ವ್ಯಾಪ್ತಿಯಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡೂ ಸೇರಿವೆ. ನೆರವು ವ್ಯಕ್ತಿಗೋ ಸಂಸ್ಥೆಗೋ ಎಂಬುದನ್ನು ಮೊದಲು ಅರಿಯಬೇಕು. ಸಂಸ್ಥೆಗಾದರೆ ಮೇಳದ ನೋಂದಣಿ ಅಗತ್ಯ.

ಕಲೆಯನ್ನು ಉಳಿಸಿ ಬೆಳೆಸಬೇಕೆಂಬ ಮಾತು ಎಲ್ಲ ಅರ್ಜಿಗಳಲ್ಲಿಯೂ ಇರುತ್ತದೆ. ಪರಿಶೀಲಿಸುವವರಿಗೆ ಅದರಿಂದ ಏನೂ ತಿಳಿಯದು. ಮೂವರು ಶಿಷ್ಯರು, ವಾರಕ್ಕೆ ನಾಲ್ಕು ದಿನದ ಪಾಠ, ವರ್ಷದೊಳಗೆ ಕಲಿಸುವ ಇಂತಿಂಥ ಕಥೆಗಳು ಎಂದು ಬರೆದರೆ ಕೆಲಸ ಕಣ್ಣಿಗೆ ಕಟ್ಟುತ್ತದೆ. ವಾದ್ಯಕ್ಕೆ ಹೊಸ ಚರ್ಮ, ಉಡುಪು, ಪ್ರಯಾಣ, ಊಟ ಇವುಗಳ ವೆಚ್ಚವನ್ನು ಬೇರೆಬೇರೆಯಾಗಿ ತೋರಿಸಬೇಕು. ಗುರುವಿನ ಗೌರವಧನವನ್ನು ಸಂಕೋಚದಿಂದ ಬಿಡಬಾರದು. ಪ್ರದರ್ಶನದ ಛಾಯಾಚಿತ್ರ, ಧ್ವನಿಮುದ್ರಣ, ಆಮಂತ್ರಣ ಪತ್ರಿಕೆಗಳೇ ಸಾಕ್ಷ್ಯ. ಹಣ ಬಂದ ಮೇಲೆ ರಸೀದಿಗಳನ್ನು ಕಾಪಾಡಿ, ಹಣಬಳಕೆಯ ಪ್ರಮಾಣಪತ್ರವನ್ನು ಸಕಾಲಕ್ಕೆ ಸಲ್ಲಿಸಬೇಕು.

ಅಕ್ಷರ ಬಾರದ ಕಲಾವಿದರಿಗೆ ಊರಿನ ಶಿಕ್ಷಕರು, ಓದಿದ ಯುವಕ ಯುವತಿಯರು ನೆರವಾಗಬಹುದು. ಆದರೆ ಲೇಖನಿ ಅವರದಾದರೂ ಮಾತು ಕಲಾವಿದರದೇ ಆಗಿರಬೇಕು. ಬರೆದುದನ್ನು ಓದಿ ಹೇಳಿ, ಒಪ್ಪಿಗೆ ಪಡೆದ ನಂತರವೇ ಸಹಿ ಅಥವಾ ಹೆಬ್ಬೆಟ್ಟು.

ಎಲ್ಲಮ್ಮನ ಪರಂಪರೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಕಲಾವಿದರು ನೆರವು ಬೇಡುವ ಕಡೆ ಮಾತ್ರವಲ್ಲ, ಅದನ್ನು ನಿರ್ಧರಿಸುವ ಸ್ಥಾನದಲ್ಲಿಯೂ ಕುಳಿತುಕೊಳ್ಳಬಲ್ಲರು. ಧನಸಹಾಯವು ಭಿಕ್ಷೆಯಲ್ಲ, ನಾಡಿನ ನೆನಪನ್ನು ಹೊತ್ತವರಿಗೆ ನಾಡು ಸಲ್ಲಿಸಬೇಕಾದ ಋಣ. ಅದನ್ನು ಕೇಳುವ ಅರ್ಜಿಯೂ ಅಷ್ಟೇ ನೇರವಾಗಿ, ಸತ್ಯವಾಗಿ ಇರಬೇಕು.