ಸಾಕಿದ ಆಮೆಯನ್ನು ಕೆರೆಗೆ ಬಿಡುವುದು ದಯೆಯೇ?



ರಜೆಗೆ ಊರಿಗೆ ಬರುವ ಪೇಟೆಯ ಮಕ್ಕಳ ಕೈಯಲ್ಲಿ ಕೆಲವೊಮ್ಮೆ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರೊಳಗೆ ಅಂಗೈ ಅಗಲದ ಹಸಿರು ಆಮೆ. ಕೊಂಡಾಗ ಅದು ನಾಣ್ಯಕ್ಕಿಂತ ತುಸು ದೊಡ್ಡದಿತ್ತು. ಈಗ ಗಾಜಿನ ತೊಟ್ಟಿಗೆ ಹಿಡಿಸದು. ನೀರು ದಿನಕ್ಕೊಮ್ಮೆ ನಾರುತ್ತದೆ. ಬಾಡಿಗೆ ಮನೆಯಲ್ಲಿ ದೊಡ್ಡ ತೊಟ್ಟಿಗೆ ಜಾಗವಿಲ್ಲ. 'ಅಜ್ಜನ ಮನೆಯ ಕೆರೆಯಲ್ಲಿ ಹಾಯಾಗಿರಲಿ' ಎಂದು ಹಿರಿಯರು ತೀರ್ಮಾನಿಸುತ್ತಾರೆ. ಬಿಡುವವರ ಮನಸ್ಸಿನಲ್ಲಿ ಕೇಡಿಲ್ಲ. ಕೂರ್ಮಾವತಾರದ ಕಥೆ ಕೇಳಿ ಬೆಳೆದ ನಾಡಿನಲ್ಲಿ ಆಮೆಯನ್ನು ನೀರಿಗೆ ಬಿಡುವುದು ಪುಣ್ಯವೆಂದೇ ಹಲವರ ನಂಬಿಕೆ. ಆದರೆ ಈ ದಯೆಯ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆಯನ್ನು ಕೇಳದೆ ವಿಧಿಯಿಲ್ಲ.

ಅಂಗಡಿಗಳಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ಈ ಆಮೆಯ ಹೆಸರು ರೆಡ್ ಇಯರ್ಡ್ ಸ್ಲೈಡರ್. ಕಣ್ಣಿನ ಹಿಂದೆ ಕೆಂಪು ಪಟ್ಟೆ, ಕುತ್ತಿಗೆಯ ಮೇಲೆ ಹಳದಿ ಗೆರೆಗಳು ಇದರ ಗುರುತು. ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಕಣಿವೆ. ಚೆನ್ನಾಗಿ ಬೆಳೆದ ಹೆಣ್ಣು ಒಂದಡಿಯ ಹತ್ತಿರಕ್ಕೆ ಬರುತ್ತದೆ. ಆಯುಷ್ಯ ೨೦ರಿಂದ ೩೦ ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅಂದರೆ ಆರು ವರ್ಷದ ಮಗುವಿಗೆ ಕೊಡಿಸಿದ ಆಮೆ, ಆ ಮಗುವಿಗೆ ಮದುವೆಯಾಗಿ ಮಕ್ಕಳಾದ ಮೇಲೂ ಬದುಕಿರಬಹುದು. ಮಾರುವವನು ಈ ಲೆಕ್ಕವನ್ನು ಹೇಳುವುದು ವಿರಳ.

ಪುಟ್ಟ ಆಮೆಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ತಗಲುವುದು ತಿಳಿದ ಮೇಲೆ, ೧೯೭೫ರಲ್ಲಿ ಅಮೆರಿಕ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ತನ್ನ ನೆಲದಲ್ಲಿ ನಿಷೇಧಿಸಿತು. ಆದರೆ ರಫ್ತಿಗೆ ತಡೆಯಿರಲಿಲ್ಲ. ತನ್ನ ಮಕ್ಕಳಿಗೆ ಬೇಡವಾದುದು ಪರದೇಶದ ಮಕ್ಕಳಿಗಾಯಿತು. ೧೯೮೯ರಿಂದ ೧೯೯೭ರವರೆಗೆ ೫.೨ ಕೋಟಿಗೂ ಹೆಚ್ಚು ಆಮೆಗಳು ಅಲ್ಲಿಂದ ಹೊರದೇಶಗಳಿಗೆ ಹೋದವು. ಅವುಗಳಲ್ಲಿ ಅನೇಕವು ಬೆಳೆದು ಬೇಸರ ತಂದಾಗ ಕೆರೆ, ಕಾಲುವೆ, ಉದ್ಯಾನದ ಕೊಳಗಳನ್ನು ಸೇರಿದವು. ಯುರೋಪಿನ ಒಕ್ಕೂಟ ೧೯೯೭ರಲ್ಲಿ ಇವುಗಳ ಆಮದನ್ನು ನಿಲ್ಲಿಸಿತು. ಜಪಾನ್ ೨೦೨೩ರ ಜೂನ್‌ನಿಂದ ಮಾರಾಟವನ್ನೂ ಹೊರಗೆ ಬಿಡುವುದನ್ನೂ ನಿಷೇಧಿಸಿ, ಸಾಕಿದವರು ಸಾಕಿಕೊಂಡೇ ಇರಲು ಅವಕಾಶ ಕೊಟ್ಟಿತು. ಜಗತ್ತಿನ ೧೦೦ ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ.

ಮುದ್ದಾದ ಈ ಪ್ರಾಣಿ ಮಾಡುವ ಹಾನಿಯಾದರೂ ಏನು? ಆಮೆಯ ಮೈಯಲ್ಲಿ ತನ್ನದೇ ಬಿಸಿಯಿಲ್ಲ. ತಿಂದದ್ದು ಅರಗಬೇಕಾದರೂ ಅದು ಬಿಸಿಲು ಕಾಯಬೇಕು. ಕೆರೆಯಲ್ಲಿ ಬಿಸಿಲು ಬೀಳುವ ಕಲ್ಲು, ಒರಗಿದ ಮರದ ದಿಮ್ಮಿ ಇರುವುದು ಕೆಲವೇ. ಫ್ರಾನ್ಸಿನ ಸಂಶೋಧಕರಾದ ಕಾಡಿ ಮತ್ತು ಜೋಲಿ ಎಂಬವರು ಅಲ್ಲಿನ ಸ್ಥಳೀಯ ಆಮೆಗಳನ್ನೂ ಈ ಕೆಂಪು ಪಟ್ಟೆಯವನ್ನೂ ಒಂದೇ ಕೊಳದಲ್ಲಿಟ್ಟು ನೋಡಿದರು. ಒಳ್ಳೆಯ ಜಾಗಗಳೆಲ್ಲ ಹೊರಗಿನವಕ್ಕಾದವು. ಸ್ಥಳೀಯ ಆಮೆಗಳು ತೂಕ ಕಳೆದುಕೊಂಡವು, ಹೆಚ್ಚು ಸತ್ತವು. ೨೦೦೩ ಮತ್ತು ೨೦೦೪ರಲ್ಲಿ ಪ್ರಕಟವಾದ ಫಲಿತಾಂಶವಿದು. ಅಲ್ಲಿ ಕಚ್ಚಾಟ ಬೇಕಿರಲಿಲ್ಲ; ಕೂರುವ ಜಾಗ ತಪ್ಪಿದ್ದೇ ಸಾಕಾಯಿತು.

ಭಾರತದಲ್ಲಿಯೂ ಗುವಾಹಟಿಯ ಜಲಾಶಯಗಳಲ್ಲಿ, ಕೇರಳದ ಕೆರೆತೋಡುಗಳಲ್ಲಿ ಇವು ಕಂಡಿವೆ. ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ, ಇವನ್ನು ನೀರಿಗೆ ಬಿಡದೆ ತನಗೆ ಒಪ್ಪಿಸಿರೆಂದು ಜನರನ್ನು ಕೋರಿತ್ತು. ಮಲೆನಾಡಿನಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಬಯಲುಸೀಮೆಯ ಕೆರೆ ಬೇಸಿಗೆಗೆ ಬತ್ತಬಹುದು. ಇಲ್ಲಿ ಮಳೆಗಾಲ ಬಂದರೆ ಕೆರೆಯ ಕೋಡಿ ಹರಿದು ಹಳ್ಳ ಸೇರುತ್ತದೆ, ಹಳ್ಳ ಹೊಳೆ ಸೇರುತ್ತದೆ. ಅಜ್ಜನ ಕೆರೆಗೆ ಬಿಟ್ಟದ್ದು ಅಜ್ಜನ ಕೆರೆಯಲ್ಲಿಯೇ ಉಳಿಯುವುದಿಲ್ಲ. ಗೊದಮೊಟ್ಟೆ, ಬಸವನಹುಳು, ಸಣ್ಣ ಮೀನು, ನೀರಿನ ಸಸ್ಯ ಎಲ್ಲವೂ ಅದರ ಆಹಾರ. ಹಿಂದೆ ಅಂದದ ಹೂವಿಗಾಗಿ ತಂದ ಲಂಟಾನ ಇಂದು ಕಾಡಿನ ಅಂಚನ್ನು ಏನು ಮಾಡಿದೆ ಎಂಬುದು ದನ ಮೇಯಿಸುವ ಪ್ರತಿಯೊಬ್ಬರಿಗೂ ಗೊತ್ತು.

ಇತ್ತ ಸ್ಥಳೀಯ ಆಮೆಗಳ ಕುರಿತ ತಿಳಿವಳಿಕೆಯೇ ಅಲ್ಪ. ೧೯೧೨ರಲ್ಲಿ ಮೊದಲು ದಾಖಲಾದ ಪಶ್ಚಿಮಘಟ್ಟದ ಕಾಡಾಮೆಯೊಂದು ಮತ್ತೆ ವಿಜ್ಞಾನದ ಕಣ್ಣಿಗೆ ಬಿದ್ದದ್ದು ಎಪ್ಪತ್ತು ವರ್ಷಗಳ ನಂತರ, ೧೯೮೨ರಲ್ಲಿ. ಅದನ್ನು ಹುಡುಕಿ ಅಭ್ಯಸಿಸಿದ ಜೆ. ವಿಜಯಾ ಅವರ ಹೆಸರನ್ನೇ ಅದರ ಕುಲಕ್ಕೆ ಇಟ್ಟು ವಿಜಯಚೆಲಿಸ್ ಎಂದು ಕರೆಯಲಾಗಿದೆ. ಅದು ಕೆರೆಯ ಜೀವಿಯಲ್ಲ, ಕಾಡಿನ ತರಗೆಲೆಯ ಜೀವಿ. ಆದರೂ ಅದರ ಕಥೆ ಒಂದು ಮಾತನ್ನು ಹೇಳುತ್ತದೆ: ಇರುವುದೇ ಗೊತ್ತಿಲ್ಲದ ಜೀವಿ ಇಲ್ಲವಾದರೆ ಯಾರಿಗೂ ಗೊತ್ತಾಗುವುದಿಲ್ಲ.

ಸ್ವದೇಶಿ ಆಮೆಯಾದರೆ ಬಿಡಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ನಕ್ಷತ್ರ ಆಮೆಯನ್ನೇ ನೋಡಬೇಕು. ಅದು ಒಣ ಕುರುಚಲು ಕಾಡಿನ ನೆಲವಾಸಿ, ಈಜು ಬಾರದು. ಪುಣ್ಯವೆಂದು ಕಲ್ಯಾಣಿಗೆ ಹಾಕಿದರೆ ಮುಳುಗಿ ಸಾಯುತ್ತದೆ. ಮಲೆನಾಡಿನ ಜಡಿಮಳೆಯ ಕಾಡೂ ಅದರ ಮನೆಯಲ್ಲ. ಯಾವ ಊರಿನಿಂದ ಬಂದದ್ದೆಂದು ತಿಳಿಯದ, ವರ್ಷಗಟ್ಟಲೆ ಮನೆಯಲ್ಲಿದ್ದ ಪ್ರಾಣಿ ರೋಗವನ್ನೂ ಜೊತೆಗೆ ಒಯ್ಯಬಲ್ಲದು. ಅದನ್ನು ಸಾಕುವುದೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮನೆಯಲ್ಲಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸುವುದೇ ದಾರಿ.

ಹಾಗಾದರೆ ಬೆಳೆದ ಸ್ಲೈಡರ್ ಆಮೆಯನ್ನು ಏನು ಮಾಡಬೇಕು? ಮೊದಲ ಉತ್ತರ, ಸಾಕಬೇಕು. ತಂದವರ ಋಣ ಅದು. ಹಿತ್ತಿಲಲ್ಲಿ ಸುತ್ತ ಗೋಡೆಯುಳ್ಳ, ಮಳೆನೀರು ಉಕ್ಕಿ ಹರಿಯದ ಸಿಮೆಂಟ್ ತೊಟ್ಟಿ, ಬಿಸಿಲು ಕಾಯಲು ಒಂದು ಕಲ್ಲು, ಮುಟ್ಟಿದ ಮೇಲೆ ಸಾಬೂನಿನಲ್ಲಿ ಕೈ ತೊಳೆಯುವ ಅಭ್ಯಾಸ ಇಷ್ಟಿದ್ದರೆ ಸಾಕು. ಆಗದಿದ್ದರೆ, ಹೊರಗೆ ಬಿಡುವುದಿಲ್ಲವೆಂದು ಒಪ್ಪುವವರಿಗೆ ಕೊಡಬೇಕು. ಅಥವಾ ಅರಣ್ಯ ಇಲಾಖೆಯನ್ನು, ಪ್ರಾಣಿ ರಕ್ಷಣಾ ಕೇಂದ್ರಗಳನ್ನು ವಿಚಾರಿಸಬೇಕು. ಕೆರೆಯಲ್ಲಿ ಕೆಂಪು ಪಟ್ಟೆಯ ಆಮೆ ಕಂಡರೆ ಚಿತ್ರ ತೆಗೆದು ಅರಣ್ಯ ಕಚೇರಿಗೆ ತಿಳಿಸಬೇಕು. ಕಲ್ಲೆಸೆದು ಕೊಲ್ಲುವುದು ಸಲ್ಲದು. ಗುರುತು ತಪ್ಪಿದರೆ ಸಾಯುವುದು ಊರಿನ ಕರಿಯಾಮೆ. ಶಾಲೆಯ ಮಕ್ಕಳು ತಮ್ಮ ಊರಿನ ಕೆರೆಯಲ್ಲಿ ಯಾವ ಆಮೆಗಳಿವೆ ಎಂದು ಮಳೆಗಾಲಕ್ಕೆ ಮೊದಲು ಒಮ್ಮೆ, ನಂತರ ಒಮ್ಮೆ ನೋಡಿ ಬರೆದಿಟ್ಟರೂ ಅದೊಂದು ದೊಡ್ಡ ಕೆಲಸ.

ಎಲ್ಲಕ್ಕಿಂತ ಸುಲಭದ ದಾರಿ ಅಂಗಡಿಯ ಬಾಗಿಲಲ್ಲಿದೆ: ಕೊಳ್ಳದಿರುವುದು. ಮಗು ಆಮೆಯನ್ನು ನೋಡಬೇಕೆಂದರೆ ಕೆರೆಯ ಏರಿಗೆ ಕರೆದೊಯ್ದು ಸದ್ದಿಲ್ಲದೆ ಕೂರಿಸಬೇಕು. ಸ್ವಲ್ಪ ಹೊತ್ತಿನಲ್ಲಿ ದಿಮ್ಮಿಯ ಮೇಲೆ ಕರಿಯಾಮೆಯೊಂದು ಹತ್ತಿ ಬಂದು ಬಿಸಿಲಿಗೆ ಕುತ್ತಿಗೆ ಚಾಚುತ್ತದೆ. ಆ ದಿಮ್ಮಿಯನ್ನು ಅದಕ್ಕೇ ಉಳಿಸಿಕೊಡುವುದು ನಿಜವಾದ ದಯೆ.