ಲೆಕ್ಕದ ಬೀಗದ ಕೈ

‘ಕಡತ’ ಎಂಬ ಮಾತನ್ನು ನಾವಿಂದು ಕಚೇರಿಯ ಕಾಗದಪತ್ರಗಳ ಕಟ್ಟಿಗೂ ಕಂಪ್ಯೂಟರಿನೊಳಗಿನ ದಾಖಲೆಗೂ ಬಳಸುತ್ತೇವೆ. ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಹುಣಿಸೆ ಬೀಜದ ಸರಿಗೆ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಅದರ ಮೇಲೆ ಶಾನುಭೋಗರು ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಅರ್ಥಶಾಸ್ತ್ರ ನನ್ನ ವಿಷಯವಲ್ಲ. ಆದರೆ ಹಳಗನ್ನಡದ ಪಾಠ ಹೇಳಿದವನಿಗೆ, ಈ ಬರಹವನ್ನು ಯಾರು ತಿದ್ದಿದರು, ಎಲ್ಲಿ ತಿದ್ದಿದರು ಎಂಬ ಪ್ರಶ್ನೆ ಅಪರಿಚಿತವಲ್ಲ. ಗ್ರಂಥಸಂಪಾದನೆಯ ಕೆಲಸವೇ ಅದು. ಕಂಪನಿಗಳ ಲೆಕ್ಕಪತ್ರದ ಮುಂದೆಯೂ ಈ ಪ್ರಶ್ನೆಯನ್ನು ಇಡಬೇಕೆಂಬುದನ್ನು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಪ್ರಕರಣ ತೋರಿಸಿಕೊಟ್ಟಿತು.

2009ರ ಜನವರಿ 7ರಂದು ಆ ಕಂಪನಿಯ ಅಧ್ಯಕ್ಷರಾದ ಬಿ. ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಒಂದು ಪತ್ರ ಬರೆದರು. ಪುಸ್ತಕದಲ್ಲಿ ಕಾಣಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ! ಹಿಂದಿನ ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳಲ್ಲಿ ವ್ಯವಹಾರದ ಲಾಭ 649 ಕೋಟಿ ಎಂದು ಸಾರಿದ್ದರು. ನಿಜವಾಗಿ ಬಂದದ್ದು 61 ಕೋಟಿ. ಹುಲಿಯ ಮೇಲೇರಿದವನು ಅದರ ಬಾಯಿಗೆ ಬೀಳದೆ ಇಳಿಯುವ ಬಗೆ ತಿಳಿಯದಂತಾಗಿದ್ದೆ ಎಂದು ಅವರು ಹೇಳಿಕೊಂಡರು. ಉಪಮೆಯೇನೋ ಚೆನ್ನಾಗಿದೆ. ಆದರೆ ಆ ಹುಲಿ ತಾನಾಗಿ ಕಾಡಿನಿಂದ ಬಂದುದಲ್ಲ.

ಮಂಡಳಿಯಲ್ಲಿದ್ದವರು ಸಾಮಾನ್ಯರಲ್ಲ. ಹಾರ್ವರ್ಡಿನ ಪ್ರಾಧ್ಯಾಪಕರು, ಕೇಂದ್ರ ಸರ್ಕಾರದ ಸಂಪುಟ ಕಾರ್ಯದರ್ಶಿಯಾಗಿ ನಿವೃತ್ತರಾದವರು, ವಾಣಿಜ್ಯ ವಿದ್ಯಾಸಂಸ್ಥೆಯ ಡೀನ್ ಮೊದಲಾದ ಘನವಂತರಿದ್ದರು. ಒಳ್ಳೆಯ ಆಡಳಿತಕ್ಕೆಂದು 2008ರಲ್ಲಿ ಕಂಪನಿಗೆ ಪ್ರಶಸ್ತಿಯೂ ದೊರೆತಿತ್ತು. ಅದೇ ವರ್ಷದ ಡಿಸೆಂಬರ್ 16ರಂದು, ರಾಜು ಕುಟುಂಬಕ್ಕೆ ಸೇರಿದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳಲು ಮಂಡಳಿ ಸಮ್ಮತಿಸಿತು. (‘ಸತ್ಯಂ’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹಿಂದುಮುಂದಾಗಿ ಓದಿದರೆ ‘ಮೇಟಾಸ್’ ಆಗುತ್ತದೆ, ಸತ್ಯವನ್ನು ತಲೆಕೆಳಗು ಮಾಡುವುದಕ್ಕೆ ಇದಕ್ಕಿಂತ ಸರಳವಾದ ದಾರಿ ನನಗೆ ತಿಳಿಯದು.) ಷೇರುದಾರರು ಸಿಡಿದೆದ್ದರು, ಕೆಲವೇ ಗಂಟೆಗಳಲ್ಲಿ ಆ ತೀರ್ಮಾನ ಹಿಂದೆ ಸರಿಯಿತು. ಇಲ್ಲದ ಆಸ್ತಿಯ ಜಾಗದಲ್ಲಿ ಇರುವ ಆಸ್ತಿಯನ್ನು ಕೂಡಿಸುವ ಕೊನೆಯ ಯತ್ನ ಅದಾಗಿತ್ತೆಂದು ಆಮೇಲೆ ರಾಜು ಅವರೇ ಬರೆದರು.

ಕೇಳುಗರೇ, ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಯಂತ್ರದ ಪಾತ್ರ. ಕಂಪನಿ ಗ್ರಾಹಕರಿಗೆ ಕಳಿಸುವ ಬಿಲ್ಲುಗಳೆಲ್ಲ ಒಂದು ತಂತ್ರಾಂಶದಲ್ಲಿ ಸಿದ್ಧವಾಗುತ್ತಿದ್ದವು. ಅದರಲ್ಲಿ ‘ಸೂಪರ್ ಯೂಸರ್’ ಎಂಬ ವಿಶೇಷಾಧಿಕಾರವಿತ್ತು. ಅದನ್ನು ಪಡೆದವರು ಒಂದು ಬಿಲ್ಲನ್ನು ಸೇರಿಸಿ, ಗ್ರಾಹಕರೊಡನೆ ವ್ಯವಹರಿಸುವ ವಿಭಾಗದವರ ಕಣ್ಣಿಗೆ ಅದು ಬೀಳದಂತೆ ಮರೆಮಾಡಬಹುದಾಗಿತ್ತು. ಮೊತ್ತ ಮಾತ್ರ ಆದಾಯದ ಲೆಕ್ಕಕ್ಕೆ ಸೇರುತ್ತಿತ್ತು. ಇಂತಹ 7,561 ಸುಳ್ಳು ಬಿಲ್ಲುಗಳನ್ನು ಸಿಬಿಐ ಪತ್ತೆಮಾಡಿತು. ಅವಕ್ಕೆ ಹೊಂದುವಂತೆ ಬ್ಯಾಂಕಿನ ಠೇವಣಿ ರಸೀದಿಗಳೂ ಹುಟ್ಟಿಕೊಂಡವು. ಕಾಗದದ ಕಾಲದಲ್ಲಿ ಇಷ್ಟು ಬಿಲ್ಲುಗಳನ್ನು ಬರೆಯಬೇಕಾದರೆ ಎಷ್ಟು ಗುಮಾಸ್ತರು ಬೇಕಾಗುತ್ತಿದ್ದರು! ಅವರಲ್ಲಿ ಒಬ್ಬನಾದರೂ ಮನೆಯಲ್ಲಿ ಬಾಯಿಬಿಡದೆ ಇರುತ್ತಿದ್ದನೆ? ಯಂತ್ರ ಆ ಸಾಕ್ಷಿಗಳನ್ನೆಲ್ಲ ಉಳಿಸಿಕೊಟ್ಟಿತು.

2015ರ ಏಪ್ರಿಲಿನಲ್ಲಿ ವಿಶೇಷ ನ್ಯಾಯಾಲಯ ರಾಜು ಅವರಿಗೆ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಮರುತಿಂಗಳೇ ಮೇಲ್ಮನವಿಯಲ್ಲಿ ಜಾಮೀನು ದೊರೆಯಿತು. ಅಷ್ಟರಲ್ಲಿ 2013ರ ಕಂಪನಿ ಕಾಯಿದೆ ಬಂದಿತ್ತು. 2023ರ ಏಪ್ರಿಲ್ 1ರಿಂದ ಇನ್ನೊಂದು ನಿಯಮ ಜಾರಿಯಲ್ಲಿದೆ: ಕಂಪನಿಯ ಲೆಕ್ಕದ ತಂತ್ರಾಂಶ ಪ್ರತಿಯೊಂದು ತಿದ್ದುಪಡಿಯನ್ನೂ ತಾರೀಖಿನ ಸಮೇತ ದಾಖಲಿಸಬೇಕು, ಆ ದಾಖಲೆಯನ್ನು ಯಾರೂ ಸ್ಥಗಿತಗೊಳಿಸುವಂತಿರಬಾರದು. ಲೆಕ್ಕ ಪರಿಶೋಧಕರು ಈ ಬಗ್ಗೆ ವರದಿ ಮಾಡಬೇಕು. ಕಡತವನ್ನು ಒರೆಸಿದರೂ ಒರೆಸಿದ ಗುರುತು ಉಳಿಯುವ ಏರ್ಪಾಡು ಇದು. ನಾನು ಇದನ್ನು ಮನಸಾರೆ ಮೆಚ್ಚುತ್ತೇನೆ. ಹೊಸ ಪಿಂಚಣಿ ಯೋಜನೆಯಲ್ಲಿರುವ ಉಪಾಧ್ಯಾಯರ ಹಣದಲ್ಲೂ ಒಂದು ಪಾಲು ಷೇರುಗಳಿಗೆ ಹೋಗುತ್ತಿರುವಾಗ, ಇದು ಕೇವಲ ಸಿರಿವಂತರ ಚಿಂತೆಯಲ್ಲ.

ಆದರೆ ಗುರುತು ಉಳಿದರೆ ಸಾಲದು, ಅದನ್ನು ಓದುವವರು ಬೇಕು. ದೊಡ್ಡ ಕಂಪನಿಯಲ್ಲಿ ದಿನಕ್ಕೆ ಸಾವಿರಾರು ತಿದ್ದುಪಡಿಗಳಾಗುತ್ತವೆ. ಅವನ್ನು ಜಾಲಾಡಲು ಈಗ ಮತ್ತೊಂದು ಯಂತ್ರವನ್ನು ಕೂಡಿಸುತ್ತಿದ್ದಾರೆ. ನಿರ್ದೇಶಕರ ಮುಂದೆ ಬರುವುದು ಅಂದವಾದ ನಕ್ಷೆಗಳು ಮಾತ್ರ. ವಿಶೇಷಾಧಿಕಾರದ ಬೀಗದ ಕೈಯಾದರೋ ದುರಸ್ತಿಯ ನೆಪದಿಂದ ಯಾರಾದರೊಬ್ಬರಲ್ಲಿ ಇದ್ದೇ ಇರುತ್ತದೆ. ಅದು ಯಾರಲ್ಲಿದೆ, ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ ಬಳಕೆಯಾಯಿತು ಎಂದು ಸಭೆಯಲ್ಲಿ ವಿಚಾರಿಸಲು ಲೆಕ್ಕಶಾಸ್ತ್ರದ ಪದವಿಯೇನೂ ಬೇಕಿಲ್ಲ.