ಒಂದು ನೆರಳಿಗೆ ಎರಡು ಮಾತು

(ಶಾಲಾ ವಾರ್ಷಿಕೋತ್ಸವದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪ್ರತಿವರ್ಷವೂ ಜೂನ್ ತಿಂಗಳಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಲು ಬರುವ ತಂದೆತಾಯಂದಿರು ನಮ್ಮೊಡನೆ ಕೇಳುವ ಪ್ರಶ್ನೆ ಒಂದೇ: "ಕನ್ನಡದಲ್ಲಿ ಕಲಿತರೆ ಮಗುವಿಗೆ ಇಂಗ್ಲಿಷ್ ಬಂದೀತೇ?" ಮನೆಯಲ್ಲಿ ತುಳು, ಪೇಟೆಯಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡ ಎಂದು ಮೂರು ಭಾಷೆಗಳ ನಡುವೆ ಮಕ್ಕಳು ಬೆಳೆಯುವ ಈ ಕಾಸರಗೋಡಿನ ನೆಲದಲ್ಲಿ ಇಂತಹ ಆತಂಕವು ಸಹಜವಾದುದೇ. ಅದಕ್ಕೆ ನಾವು ಅಬ್ಬರದ ಉತ್ತರವನ್ನು ಕೊಡಬಯಸುವುದಿಲ್ಲ; ನಮ್ಮ ತರಗತಿಯಲ್ಲಿ ನಡೆದುದನ್ನೇ ತಮ್ಮ ಮುಂದೆ ನಿವೇದಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಹುಡುಗನೊಬ್ಬನು ಇಂಗ್ಲಿಷ್ ಪ್ರಬಂಧದಲ್ಲಿ, ದನ ಕಾಯುವವನು ಹಲಸಿನ ಮರದ 'ಶ್ಯಾಡೋ'ವಿನಲ್ಲಿ ಮಲಗಿದನೆಂದು ಬರೆದಿದ್ದನು. ನಾವು ಕೆಂಪು ಶಾಯಿಯಿಂದ ಗೆರೆಯೆಳೆದು 'ಶೇಡ್' ಎಂದು ತಿದ್ದಿ, ಅಂಕವನ್ನೂ ಕಳೆದೆವು. ಅವನು ಪುಸ್ತಕವನ್ನು ಹಿಡಿದುಕೊಂಡು ಬಂದು, "ಎರಡೂ ನೆರಳೇ ಅಲ್ಲವೇ, ಮಾಷ್ಟ್ರೇ?" ಎಂದು ಕೇಳಿದನು. "ಇಂಗ್ಲಿಷಿನಲ್ಲಿ ಹಾಗೆ ಹೇಳುವುದಿಲ್ಲ" ಎಂದಷ್ಟೇ ಹೇಳಿ ಕಳುಹಿಸಿದೆವು. ಅದು ಉತ್ತರವಾಗಿರಲಿಲ್ಲ. ಅಂದಿನಿಂದ ಅವನು ಪ್ರಶ್ನೆ ಕೇಳುವುದನ್ನೇ ಬಿಟ್ಟನು. ತಪ್ಪು ನಮ್ಮದಾಗಿತ್ತು.

ನಾವು ಹೇಳಬೇಕಾಗಿದ್ದುದು ಇಷ್ಟೇ: ಬಿಸಿಲು ತಾಗದ ತಂಪಾದ ಎಡೆ 'ಶೇಡ್', ಬೆಳಕಿಗೆ ಅಡ್ಡವಾದ ವಸ್ತುವಿನ ಆಕಾರವು ನೆಲದ ಮೇಲೋ ಗೋಡೆಯ ಮೇಲೋ ಮೂಡಿದರೆ ಅದು 'ಶ್ಯಾಡೋ'. ಮಧ್ಯಾಹ್ನ ನಾವು ಕುಳಿತುಕೊಳ್ಳುವುದು ಮೊದಲನೆಯದರಲ್ಲಿ. ಸಂಜೆ ನಮ್ಮ ಕಾಲ ಬುಡದಿಂದ ನೀಳವಾಗಿ ಚಾಚುವುದು ಎರಡನೆಯದು. "ನೆರಳಿನಲ್ಲಿ ಕುಳಿತುಕೋ", "ನನ್ನ ನೆರಳು ಉದ್ದವಾಗಿದೆ" ಎಂಬ ವಾಕ್ಯಗಳನ್ನು ಆ ಹುಡುಗನು ಎಂದೂ ತಪ್ಪಾಗಿ ಅರಿತವನಲ್ಲ. ಭೇದವು ಅವನ ಮನಸ್ಸಿನಲ್ಲಿ ಇದ್ದೇ ಇತ್ತು. ಅದಕ್ಕೆ ಇಂಗ್ಲಿಷಿನಲ್ಲಿ ಎರಡು ಹೆಸರುಗಳುಂಟೆಂದು ತೋರಿಸುವುದು ಮಾತ್ರ ನಮ್ಮ ಕೆಲಸವಾಗಿತ್ತು.

ಕೆಲವೆಡೆ ಕನ್ನಡದಲ್ಲಿಯೇ ಎರಡು ಮಾತುಗಳು ಸಿದ್ಧವಾಗಿವೆ. 'ಲುಕ್' ಎಂದರೆ ನೋಡು. 'ಸೀ' ಎಂದರೆ ಕಾಣು. "ಬಾವಿಯೊಳಗೆ ನೋಡಿದೆ, ಕೊಡ ಕಾಣಲಿಲ್ಲ" ಎನ್ನುವ ಮಗುವಿಗೆ ಈ ಭೇದವನ್ನು ಹೊಸತಾಗಿ ಕಲಿಸಬೇಕಾಗಿಲ್ಲ. ಅಂತೆಯೇ, ತಾನಾಗಿ ಕೇಳಿಸುವುದು 'ಹಿಯರ್'. ಮನಸ್ಸಿಟ್ಟು ಕೇಳುವುದು 'ಲಿಸನ್'. ಶಾಲೆಯ ಗಂಟೆ ಎಲ್ಲರಿಗೂ ಕೇಳಿಸುತ್ತದೆ; ಪಾಠವನ್ನು ಕೇಳುವವರು ಎಷ್ಟು ಮಂದಿ ಎಂಬುದನ್ನು ವಿದ್ಯಾರ್ಥಿಗಳೇ ಹೇಳಬೇಕು! 'ಲೆಂಡ್' ಎಂದರೆ ಕಡ ಕೊಡುವುದು, 'ಬಾರೋ' ಎಂದರೆ ಕಡ ತೆಗೆದುಕೊಳ್ಳುವುದು. ಇವೆರಡನ್ನು ಅದಲುಬದಲು ಮಾಡಿದರೆ ಸಾಲಗಾರನೇ ಧಣಿಯಾದಾನು.

ಇನ್ನು ಕೆಲವೆಡೆ ಇಂಗ್ಲಿಷಿಗೇ ಮಾತು ಸಾಲದು. ಅಕ್ಕಿಗೂ ಅನ್ನಕ್ಕೂ ಅದರಲ್ಲಿ 'ರೈಸ್' ಎಂಬುದೊಂದೇ ಹೆಸರು; ಭತ್ತಕ್ಕೆ ಹೇಳುವ 'ಪ್ಯಾಡಿ' ಎಂಬುದೂ ಮಲಯ ಭಾಷೆಯಿಂದ ಬಂದುದು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಎಲ್ಲರೂ ಅಲ್ಲಿ 'ಅಂಕಲ್'. ಹಾಗೆಂದು ಆ ಭಾಷೆಯನ್ನು ಬಡವೆನ್ನಲಾಗದು. ನೆರಳಿಗೆ ಒಂದೇ ಮಾತಿರುವುದರಿಂದ ಕನ್ನಡವೂ ಬಡವಲ್ಲ. ಒಂದೊಂದು ಭಾಷೆಯೂ ತನ್ನ ಗದ್ದೆಗೆ ತನ್ನದೇ ಆದ ಬದುಗಳನ್ನು ಹಾಕಿಕೊಂಡಿದೆ.

ಈ ಬದುಗಳನ್ನು ಗುರುತಿಸಲು ಆ ಭಾಷೆ ನಮ್ಮ ಮನೆಮಾತೇ ಆಗಿರಬೇಕೆಂದಿಲ್ಲ. ಫರ್ಡಿನೆಂಡ್ ಕಿಟೆಲರು ಜರ್ಮನಿಯವರು. ಅವರಿಗೆ ಕನ್ನಡವೂ ಕಲಿತ ನುಡಿ, ಇಂಗ್ಲಿಷೂ ಕಲಿತ ನುಡಿ. ಆದರೂ 1894ರಲ್ಲಿ ನೆರೆಯ ಮಂಗಳೂರಿನಲ್ಲಿ ಪ್ರಕಟವಾದ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ವಿದ್ವಾಂಸರು ಇಂದಿಗೂ ತೆರೆದು ನೋಡುತ್ತಾರೆ.

ಆದುದರಿಂದ, ವಿದ್ಯಾರ್ಥಿಗಳೇ, ಇಂಗ್ಲಿಷ್ ಶಬ್ದವನ್ನು ಒಂಟಿಯಾಗಿ ಬಾಯಿಪಾಠ ಮಾಡಬೇಡಿರಿ. ಅದನ್ನು ಒಂದು ವಾಕ್ಯದಲ್ಲಿಟ್ಟು, ಆ ಭಾವವನ್ನು ನಿಮ್ಮ ನುಡಿಯಲ್ಲಿ ಹೇಗೆ ಹೇಳುವಿರೆಂದು ಪಕ್ಕದಲ್ಲಿ ಬರೆಯಿರಿ. ಪೋಷಕ ಮಹನೀಯರೇ, ಮಗು ತಪ್ಪಿದಾಗ "ಕನ್ನಡ ಶಾಲೆಯಲ್ಲಿ ಕಲಿತರೆ ಇಷ್ಟೇ" ಎನ್ನಬೇಡಿರಿ. ಆ ಒಂದು ಮಾತು ಎರಡು ಭಾಷೆಗಳ ಮೇಲಿನ ಧೈರ್ಯವನ್ನೂ ಕಳೆಯುತ್ತದೆ. ತಮ್ಮ ಪ್ರಶ್ನೆಗೆ ನಮ್ಮ ಉತ್ತರವಿದು: ಇಂಗ್ಲಿಷ್ ಬರುವುದು, ಮಗು ಪ್ರಶ್ನೆ ಕೇಳುವುದನ್ನು ಬಿಡದಿದ್ದರೆ ಮತ್ತು ಉಪಾಧ್ಯಾಯರಾದ ನಾವು ಉತ್ತರ ಕೊಡುವುದನ್ನು ಬಿಡದಿದ್ದರೆ.

ಆ ಹುಡುಗನಿಗೆ ಅಂದು ಕೊಡದ ಉತ್ತರವನ್ನು ಇಂದು ತಮ್ಮೆಲ್ಲರ ಮುಂದೆ ಒಪ್ಪಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.